ಎಡಗಡೆಯ ತಂತಿ

ನಮ್ಮ ಕಡೆ ಹಾಡು ಗಡಿಗೆಯೊಳಗಿಂದ ಬರುತ್ತಿದ್ದ ಕಾಲ ಒಂದಿತ್ತು. ಕಾರಟಗಿಯ ಯಾವ ಓಣಿಗೆ ಹೋದರೂ ಪಡಸಾಲೆಯ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ, ಅದರ ಬಾಯಿಗೆ ಬೋರಲು ಹಾಕಿದ ಒಂದು ಸ್ಪೀಕರು, ಅಲುಗಾಡದಂತೆ ಸುತ್ತ ಬಿಗಿದ ಸೈಕಲ್ ಟ್ಯೂಬಿನ ಪಟ್ಟಿ. ಹಾಗೆ ಮಾಡಿದರೆ ದಪ್ಪ ದನಿ ಬರುತ್ತದೆ ಎಂದು ಎಲ್ಲರ ನಂಬಿಕೆ. ದಪ್ಪ ದನಿಯೇನೋ ಬರುತ್ತಿತ್ತು, ಆದರೆ ಹಾಡುವವರೆಲ್ಲ ಬಾವಿಯಲ್ಲಿ ಬಿದ್ದು ಹಾಡಿದ ಹಾಗೆ ಕೇಳುತ್ತಿತ್ತು. ನಮಗೆ ಅದೇ ಸಂಗೀತ. ಬೇಸಿಗೆ ರಜೆಯಲ್ಲಿ ಆ ಗಡಿಗೆಯ ಹೊಟ್ಟೆಗೆ ಕಿವಿ ಹಚ್ಚಿ ಮಲಗಿದರೆ ತಂಪೂ ಆಗುತ್ತಿತ್ತು, ಹಾಡೂ ಕೇಳುತ್ತಿತ್ತು. ಹೊರಗಿನಿಂದ ಗಿರಣಿಗಳಲ್ಲಿ ನೆಲ್ಲು ಕುದಿಸುವ ವಾಸನೆ ಬರುತ್ತಿತ್ತು. ಇಂಥದನ್ನು ನೆನೆದು ನೀವು ನಿಟ್ಟುಸಿರು ಬಿಡುವವರಾದರೆ ಈಗಲೇ ಬಿಟ್ಟುಬಿಡಿ. ಮುಂದೆ ನಾನು ಹೇಳುವುದರಲ್ಲಿ ಅದಕ್ಕೆ ಅವಕಾಶವಿಲ್ಲ.

ಅಪ್ಪನಿಗೆ ಗಡಿಗೆಯ ದನಿ ಸೇರುತ್ತಿರಲಿಲ್ಲ. ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಇಡೀ ದಿನ ಯಂತ್ರದ ಗದ್ದಲದಲ್ಲಿ ಕೂತು ಬಂದು ಸಂಜೆಗೆ ಒಂದು ತಾಸು ಹಾಡು ಕೇಳುವ ಮನುಷ್ಯ. ಗಂಗಾವತಿಯ ರೇಡಿಯೋ ರಿಪೇರಿಯವನ ಕೈಯಿಂದ ಒಂದು ಆಂಪ್ಲಿಫೈಯರ್ ಕಟ್ಟಿಸಿಕೊಂಡಿದ್ದ. ಅದಕ್ಕೆ ಬೇಕಾದದ್ದು ಕಟ್ಟಿಗೆಯ ಪೆಟ್ಟಿಗೆಯ, ಮುಂದೆ ಬಟ್ಟೆ ಹೊದ್ದ, ಪುಸ್ತಕದ ಕಪಾಟಿನಲ್ಲಿ ಕೂಡುವಂಥ ಒಂದು ಜೋಡಿ ಸ್ಪೀಕರು. ಹೊಸವನ್ನು ಮುಟ್ಟುವ ಹಾಗಿರಲಿಲ್ಲ. ಹಳೆಯವಾದರೂ ಇದ್ದವರು ಯಾಕೆ ಕೊಡುತ್ತಾರೆ?

ಈಗ ಕೊಪ್ಪಳದ ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಇಂಥವೇ ಹಳೆಯ ಸ್ಪೀಕರ್ ಹುಡುಕುತ್ತಿದ್ದಾನೆ. ಮೊಬೈಲಿನಲ್ಲಿ ಫೋಟೋ ತೋರಿಸಿ, ಅಗ್ಗಕ್ಕೆ ಎಲ್ಲಿ ಸಿಗುತ್ತವೆ ಮೇಡಂ ಎಂದು ಕೇಳುತ್ತಾನೆ. ಬಟ್ಟೆಯ ಹಿಂದೆ ಬೆರಳು ಹಾಕಿ ಕೋನ್ ಹರಿದಿದೆಯೋ ನೋಡು, ಎರಡೂ ಒಂದೇ ಜೋಡಿಯವೋ ನೋಡು, ಇರುವೆ ಗೂಡು ಕಟ್ಟಿದೆಯೋ ನೋಡು ಎಂದೆಲ್ಲ ಹೇಳಿಕೊಟ್ಟಿದ್ದೇನೆ. ಅಗ್ಗಕ್ಕೆ ಸಿಗುವ ದಾರಿ ಮಾತ್ರ ಹೇಳಿಲ್ಲ. ಅದು ನಮ್ಮಪ್ಪನ ದಾರಿ.

ಅಪ್ಪ ಸತ್ತವರ ಮನೆಗೆ ಹೋಗುತ್ತಿದ್ದ. ಬಸ್ ನಿಲ್ದಾಣದ ಗೋಡೆಗಳಿಗೆ ಅಂಟಿಸುವ ಶ್ರದ್ಧಾಂಜಲಿಯ ಕಾಗದಗಳನ್ನು ನಿಂತು ಓದುವುದು ಅವನಿಗೆ ರೂಢಿ. ಉಳಿದವರು ಹೆಸರು ಓದಿ ಅಯ್ಯೋ ಎನ್ನುತ್ತಿದ್ದರೆ ಅಪ್ಪ ನೌಕರಿ ಓದುತ್ತಿದ್ದ. ಮಾಸ್ತರ, ಬ್ಯಾಂಕಿನವ, ಇಂಜಿನಿಯರ್ ಆಗಿದ್ದರೆ ಮನೆಯಲ್ಲಿ ಸಾಮಾನು ಇರುತ್ತದೆ ಎಂದು ಲೆಕ್ಕ. ದಿನಕರ್ಮ ಮಾಡುವ ತನಕ ಹೋಗಬಾರದು, ಅಳು ಹಸಿ ಇರುತ್ತದೆ. ತಿಂಗಳು ದಾಟಿಸಬಾರದು, ಅಷ್ಟರಲ್ಲಿ ನೆಂಟರ ಕಣ್ಣು ಬಿದ್ದಿರುತ್ತದೆ. ಈ ನಡುವಿನ ಎರಡು ವಾರದಲ್ಲಿ ಹೆಂಡತಿಗೆ ಗಂಡನ ಸಾಮಾನು ಕಂಡರೆ ಸಂಕಟ, ಯಾರಾದರೂ ಒಯ್ದರೆ ಸಾಕು ಅನ್ನಿಸುತ್ತದೆ. ಇದನ್ನೆಲ್ಲ ಅಪ್ಪ ಊಟಕ್ಕೆ ಕೂತಾಗ ಗಿರಣಿಯ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದ. ಅವ್ವ ಎದ್ದು ಹೋಗುತ್ತಿದ್ದಳು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಕುಷ್ಟಗಿಯ ಒಂದು ಮನೆಯಿಂದ ಹೀಗೆಯೇ ಒಂದು ಕ್ಯಾಸೆಟ್ ಡೆಕ್ಕು ತಂದಿದ್ದ.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆ ಅದು. ಯಲಬುರ್ಗಾದ ಮಾಸ್ತರರೊಬ್ಬರು ತೀರಿಕೊಂಡಿದ್ದರು. ಅವರಲ್ಲಿ ಒಳ್ಳೆಯ ಸ್ಪೀಕರುಗಳಿವೆ, ತಮ್ಮನೊಬ್ಬ ಮುಂಬಯಿಯಿಂದ ತಂದುಕೊಟ್ಟದ್ದು ಎಂದು ಆ ರಿಪೇರಿಯವನೇ ಹೇಳಿದ್ದ. ಅಪ್ಪ ನನ್ನನ್ನೂ ಹೊರಡಿಸಿದ. ಮಗಳನ್ನು ಕರೆದುಕೊಂಡು ಬಂದವನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ನನ್ನ ಕೈ ಸಣ್ಣದು.

ಹಿಂದಿನ ದಿನ ನಮ್ಮ ಗಡಿಗೆಯ ಹತ್ತಿರ ಕೂರಿಸಿಕೊಂಡು ಅಪ್ಪ ನನಗೆ ಪಾಠ ಹೇಳಿದ್ದ. ಸ್ಪೀಕರಿಗೆ ಎರಡು ತಂತಿ, ಒಂದು ಕೆಂಪು, ಒಂದು ಕರಿ. ಎರಡೂ ಪೆಟ್ಟಿಗೆಗಳಲ್ಲಿ ಕೆಂಪು ಕೆಂಪಿಗೆ, ಕರಿ ಕರಿಗೆ ಸೇರಬೇಕು. ಒಂದು ಪೆಟ್ಟಿಗೆಯಲ್ಲಿ ಮಾತ್ರ ಅದಲುಬದಲು ಮಾಡಿದರೆ ಏನೂ ಸುಡುವುದಿಲ್ಲ, ಏನೂ ಕೆಡುವುದಿಲ್ಲ. ಆದರೆ ಒಂದು ಮುಂದಕ್ಕೆ ತಳ್ಳಿದ್ದನ್ನು ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ದನಿಯ ತೂಕವೆಲ್ಲ ಹೋಗಿಬಿಡುತ್ತದೆ. ಎರಡರ ನಟ್ಟನಡುವೆ ನಿಂತು ಮಾತಾಡಿದ ಹಾಗೆ ಕೇಳುತ್ತಿದ್ದ ಮನುಷ್ಯ ಎಲ್ಲಿದ್ದಾನೆಂದೇ ತಿಳಿಯದಂತಾಗುತ್ತದೆ. ಕೇಳಿದವರು ಪೆಟ್ಟಿಗೆ ಕೆಟ್ಟಿವೆ ಎಂದುಕೊಳ್ಳುತ್ತಾರೆ. ನಾನು ಎರಡು ಸಲ ಕ್ಲಿಪ್ಪು ಒತ್ತಿ ತಂತಿ ಬಿಡಿಸಿ ಸೇರಿಸಿ ತೋರಿಸಿದೆ. ಅಪ್ಪ ತಲೆ ಸವರಿದ.

ಗಂಗಾವತಿಗೆ ಒಂದು ಬಸ್ಸು, ಕೊಪ್ಪಳಕ್ಕೆ ಒಂದು, ಯಲಬುರ್ಗಾಕ್ಕೆ ಇನ್ನೊಂದು. ಹಸಿರು ಮುಗಿದು ಎರಿ ಹೊಲ ಶುರುವಾದವು, ಬಿರುಕು ಬಿಟ್ಟು ಕಪ್ಪಗೆ ಬಿದ್ದುಕೊಂಡಿದ್ದವು. ಕಿಟಕಿಯ ಬಿಸಿಗಾಳಿಗೆ ನನ್ನ ಜಡೆ ಪೂರ್ತಿ ಬಿಚ್ಚಿಹೋಗಿತ್ತು.

ಮಾಸ್ತರರ ಹೆಂಡತಿಯ ಹೆಸರು ಗಿರಿಜಮ್ಮ. ಮಕ್ಕಳಿರಲಿಲ್ಲ. ಮಣ್ಣಿನ ಮಾಳಿಗೆಯ ಬಾಡಿಗೆ ಮನೆ, ಒಳಗೆ ಕಾಲಿಟ್ಟರೆ ಸಂಜೆಯಾದಷ್ಟು ತಂಪು. ಹಳೆಯ ಪುಸ್ತಕ ಮತ್ತು ವಿಭೂತಿಯ ವಾಸನೆ. ಗೋಡೆಗೆ ಹಚ್ಚಿದ ಕಪಾಟಿನಲ್ಲಿ ಪುಸ್ತಕಗಳ ಸಾಲು, ಸಾಲಿನ ಎರಡೂ ಕೊನೆಗೆ ಆ ಪೆಟ್ಟಿಗೆಗಳು. ಎಣ್ಣೆ ಕುಡಿದ ಕಟ್ಟಿಗೆ, ಕಂದು ಬಣ್ಣದ ಬಟ್ಟೆ. ನನಗೆ ಒಡವೆ ಕಂಡಷ್ಟು ಆಸೆಯಾಯಿತು. ಗಿರಿಜಮ್ಮ ನನಗೆ ಶೇಂಗಾದ ಉಂಡಿ ಕೊಟ್ಟು, ನೀರು ಕೊಟ್ಟು, ಕೇಳದೆಯೇ ತನ್ನ ಮುಂದೆ ಕೂರಿಸಿಕೊಂಡು ಜಡೆ ಹಾಕತೊಡಗಿದಳು. ಅಪ್ಪನ ಜೊತೆ ಮಾತಾಡುತ್ತಲೇ ಹಾಕಿದಳು. ಮೈದುನ ಬಂದು ಮನೆ ಬಿಡಿಸುತ್ತಾನಂತೆ, ಒಂದೇ ಕೋಣೆಯಲ್ಲಿ ಇರಬೇಕಾಗುತ್ತದಂತೆ, ಆದರೂ ಈ ಪೆಟ್ಟಿಗೆಗಳನ್ನು ಕೊಡಬೇಕೋ ಬೇಡವೋ ಇನ್ನೂ ತಿಳಿಯುತ್ತಿಲ್ಲ ಎಂದಳು. ಜಡೆಯ ತುದಿಗೆ ತನ್ನದೇ ಒಂದು ಕರಿ ದಾರ ಕಟ್ಟಿದಳು.

ಒಂದಿಷ್ಟು ಹಚ್ಚಿ ನೋಡೋಣ ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, ಹಿಂದೆ ಧೂಳು ಕೂತಿದೆ, ಒರೆಸಿ ಬಾ ಎಂದ. ಅದರ ಬೆನ್ನಿಗೇ ಅಷ್ಟೇ ಮೆಲ್ಲಗೆ ತೆಲುಗಿನಲ್ಲಿ ಹೇಳಿದ, "ಎಡಮದಿ ತಿಪ್ಪು."

ಎಡಗಡೆಯದನ್ನು ತಿರುವು ಎಂದು ಅದರ ಅರ್ಥ. ಕಾಲುವೆ ನೀರಿನ ಬೆನ್ನಿಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ನಡುವೆ ಬೆಳೆದ ನಮಗೆ ತೆಲುಗು ನೀರು ಕುಡಿದಷ್ಟು ಸಲೀಸು. ಒಣ ಭೂಮಿಯ ಯಲಬುರ್ಗಾದವರಿಗೆ ಅದು ತಿಳಿಯುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ನಾನು ಕಪಾಟಿನ ಹಿಂದೆ ಕೈ ತೂರಿಸಿ ತಿರುವಿದೆ. ಹೊಸ ಜಡೆ ಬೆನ್ನ ಮೇಲೆ ಬಿಗಿಯಾಗಿತ್ತು.

ಮಾಸ್ತರರ ಡೆಕ್ಕಿನಲ್ಲಿ ಮೊದಲೇ ಒಂದು ಕ್ಯಾಸೆಟ್ಟು ಇತ್ತು. ಅದು ಬೇಡ, ಅದರಲ್ಲಿ ಅವರ ದನಿ ಇದೆ ಎಂದು ಗಿರಿಜಮ್ಮ ಹೇಳುವಷ್ಟರಲ್ಲಿ ಅಪ್ಪ ಗುಂಡಿ ಒತ್ತಿಯಾಗಿತ್ತು. ಡೆಕ್ಕು ಹೊಸದಾಗಿ ಬಂದ ದಿನ ಮಾಸ್ತರರು ಮೈಕು ಹೇಗಿದೆ ನೋಡಲು ಅರ್ಧ ತಾಸು ಏನೇನೋ ಮಾತಾಡಿ ತುಂಬಿಸಿದ್ದು. ಪೇಪರಿನಿಂದ ಜೋಳದ ಧಾರಣೆ ಓದಿದರು. ಕೆಮ್ಮಿದರು. ಆಮೇಲೆ, ಬಾ ಇಲ್ಲಿ, ನೀನೂ ಏನಾದರೂ ಮಾತಾಡು ಎಂದು ಹೆಂಡತಿಯನ್ನು ಕರೆದರು. ದೂರದಿಂದ ಗಿರಿಜಮ್ಮನ ದನಿ, ನಾನೇನು ಮಾತಾಡಲಿ, ರೊಟ್ಟಿ ಹೊತ್ತುತ್ತಿವೆ ಎಂದಿತು. ಮಾಸ್ತರರು ನಕ್ಕರು. ಎಲ್ಲವೂ ಪೊಳ್ಳಾಗಿ, ತೆಳ್ಳಗೆ, ಗೋಡೆಯ ಆಚೆಗೋ ಮಾಳಿಗೆಯ ಮೇಲೋ ಯಾರೋ ಗೊಣಗಿದ ಹಾಗೆ ಕೇಳಿತು.

ಗಿರಿಜಮ್ಮ ಎದ್ದಳು. ಒಂದು ಪೆಟ್ಟಿಗೆಗೆ ಕಿವಿ ಕೊಟ್ಟಳು, ಇನ್ನೊಂದಕ್ಕೆ ಕೊಟ್ಟಳು. ನಡುವೆ ನಿಂತು ಅತ್ತ ಇತ್ತ ನೋಡಿದಳು.

"ಹಿಂಗ ಇದ್ದಿಲ್ರಿ ಅಣ್ಣಾರ" ಎಂದಳು. "ಇಲ್ಲೇ ನಡಬರಕ ಕುಂತು ಮಾತಾಡಿದಂಗ ಇತ್ತು. ಅವರು ಹ್ವಾದ ಮ್ಯಾಲ ಹಚ್ಚಿದ್ದಿಲ್ಲ, ಸೂತಕ ಅಂತ. ಇವತ್ತ ಕೇಳಾಕತ್ತೀನಿ."

ಅಪ್ಪ ಒಂದು ಪೆಟ್ಟಿಗೆಯ ಮೇಲೆ ಮೆಲ್ಲಗೆ ಕೈ ಸವರಿದ.

"ಹಳೇವು ಅಕ್ಕಾರ. ಇಟ್ಕೊಂಡ ಮನಷಾ ಹ್ವಾದ್ರ ಅವೂ ಸೊರಗ್ತಾವ" ಎಂದ.

ಆಕೆ ನಂಬಿದಳು. ಯಾಕೆ ನಂಬಬಾರದು? ಗಂಡ ಹೋದ ಮೇಲೆ ಮೊದಲ ಸಲ ಕೇಳುತ್ತಿದ್ದಾಳೆ, ದನಿ ಬದಲಾಗಿದೆ. ತಂತಿಯ ವಿಷಯ ಗೊತ್ತಿಲ್ಲದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಒಯ್ಯಿರಿ ಎಂದಳು. ಅಪ್ಪ ಒಂದು ಚೀಲ ಸೋನಾ ಮಸೂರಿ ಕಳಿಸುತ್ತೇನೆ ಎಂದ. ಜೋಳದ ಸೀಮೆಯಲ್ಲಿ ಅಕ್ಕಿಯ ಚೀಲ ದೊಡ್ಡ ಮಾತು. ಮುಂದೆ ಲಾರಿಯ ಮೇಲೆ ಅವನು ಕಳಿಸಿದ್ದು ನುಚ್ಚಕ್ಕಿ.

ಮರಳುವಾಗ ಒಂದು ಪೆಟ್ಟಿಗೆ ಅಪ್ಪನ ತೊಡೆಯ ಮೇಲೆ, ಒಂದು ನನ್ನ ತೊಡೆಯ ಮೇಲೆ. ಕೊಪ್ಪಳದ ನಿಲ್ದಾಣದಲ್ಲಿ ಅಪ್ಪ ನನಗೆ ಮಿರ್ಚಿ, ಚುರುಮರಿ ಕೊಡಿಸಿದ, ಸೋಡಾ ಕೊಡಿಸಿದ. "ನನ್ನ ಮಗಳ ಕೈ ಅಂದ್ರ ಕೈ" ಎಂದು ಪಕ್ಕದಲ್ಲಿ ಕೂತಿದ್ದ ಅಪರಿಚಿತನಿಗೆ ಹೇಳಿದ. ಅಲ್ಲಿಯ ತನಕ ನನ್ನ ಕೈ ಮನೆಯಲ್ಲಿ ಹೆಸರಾಗಿದ್ದದ್ದು ಲೋಟ ಒಡೆಯುವುದಕ್ಕೆ. ನನಗೆ ಆ ದಿನ ಆದಷ್ಟು ಖುಷಿ ಮುಂದೆ ಹತ್ತನೇ ಇಯತ್ತೆಯಲ್ಲಿ ತಾಲೂಕಿಗೆ ಮೊದಲು ಬಂದಾಗಲೂ ಆಗಲಿಲ್ಲ. ಇದು ನಾಚಿಕೆಯ ಮಾತು, ಆದರೆ ನಿಜ.

ಮನೆಗೆ ಬಂದು ತಂತಿ ಸರಿಯಾಗಿ ಹಚ್ಚಿದೆವು. ಏನು ದನಿ ಅದು! ಹಾಡುವವಳು ನಮ್ಮ ಪಡಸಾಲೆಯಲ್ಲಿ, ಕಂಬದ ಪಕ್ಕ ನಿಂತು ಉಸಿರೆಳೆದುಕೊಂಡದ್ದು ಕೇಳಿತು. ಓಣಿಯ ಮಂದಿ ಬಂದು ಕೂತರು. ಗಡಿಗೆ ಮತ್ತೆ ನೀರಿಗೆ ಹೋಯಿತು. ಒಂದು ತಿಂಗಳು ನಮ್ಮ ಮನೆಯಲ್ಲಿ ದಿನಾ ಸಂಜೆ ಹಬ್ಬ. ಅವ್ವನೂ ಮುನಿಸು ಬಿಟ್ಟು ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು.

ಸಾಲೆ ಶುರುವಾಗಲು ನಾಲ್ಕು ದಿನ ಇದ್ದಾಗ, ಮಧ್ಯಾಹ್ನ, ಗಿರಿಜಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮೂರು ಬಸ್ಸು ಹಿಡಿದು, ಗಿರಣಿ ಕೇಳಿಕೊಂಡು, ಗಿರಣಿಯವರನ್ನು ಮನೆ ಕೇಳಿಕೊಂಡು ಬಂದಿದ್ದಳು. ಅಪ್ಪ ಊಟಕ್ಕೆ ಬಂದವನು ಮನೆಯಲ್ಲೇ ಇದ್ದ. ಆಕೆ ಮೊದಲು ನನ್ನ ಕೈಗೆ ಉಂಡಿಯ ಡಬ್ಬಿ ಕೊಟ್ಟಳು. ಅಕ್ಕಿ ಮುಟ್ಟಿದವು, ಚಲೋ ಇದ್ದವು ಎಂದಳು. ಆಮೇಲೆ ಸೆರಗಿನ ಗಂಟಿನಿಂದ ಆ ಕ್ಯಾಸೆಟ್ಟು ತೆಗೆದಳು.

ಪೆಟ್ಟಿಗೆಗಳಿಲ್ಲದೆ ಆಕೆಯ ಡೆಕ್ಕು ಮೂಗಾಗಿತ್ತು, ಬೇರೆ ಯಾರ ಟೇಪಿನಲ್ಲೂ ಆಕೆ ಹಾಕಿ ಕೇಳಿರಲಿಲ್ಲ. ಗಂಡ ತನ್ನನ್ನು ಕರೆಯುವ ದನಿಯನ್ನು ಹೆರವರ ಮನೆಯಲ್ಲಿ ಕೂತು ಕೇಳುವುದು ಹೇಗೆ ಎಂದು ಅವ್ವನ ಹತ್ತಿರ ಮೆಲ್ಲಗೆ ಹೇಳಿದಳು. ಅದೂ ಅಲ್ಲದೆ ಆಕೆಯ ಮನಸ್ಸಿನಲ್ಲಿ ದನಿ ಇದ್ದದ್ದು ಆ ಪೆಟ್ಟಿಗೆಗಳಲ್ಲಿ, ರೀಲಿನಲ್ಲಿ ಅಲ್ಲ. ತಿಂಗಳು ಕಳೆದಿದೆ, ಪೆಟ್ಟಿಗೆ ಸುಧಾರಿಸಿದ್ದರೂ ಸುಧಾರಿಸಿರಬಹುದು, ಒಂದು ಸಲ ಹಚ್ಚಿ ಕೇಳಿಸಿ ಎಂದು ಕೇಳಿದಳು. ಅಷ್ಟೇ ಆಕೆ ಕೇಳಿದ್ದು. ಪೆಟ್ಟಿಗೆ ವಾಪಸು ಕೇಳಲಿಲ್ಲ.

ಅಪ್ಪ ಕ್ಯಾಸೆಟ್ಟು ಕೈಯಲ್ಲಿ ಹಿಡಿದು ನಿಂತಿದ್ದ. ನನ್ನ ಕಡೆ ನೋಡಲಿಲ್ಲ, ತೆಲುಗಿನಲ್ಲಿ ಏನನ್ನೂ ಹೇಳಲಿಲ್ಲ. ಅವನು ಹೇಳಲಿ ಎಂದು ನಾನು ಕಾಯಲೂ ಇಲ್ಲ. ಆಕೆಗೆ ಚೆನ್ನಾಗಿ ಕೇಳಿಸಿದರೆ ನಮ್ಮ ಪೆಟ್ಟಿಗೆ ಹೋಗುತ್ತವೆ, ಓಣಿಯವರು ಬರುವುದು ನಿಲ್ಲುತ್ತದೆ, ಅಪ್ಪನ ಮರ್ಯಾದೆ ಹೋಗುತ್ತದೆ. ಹತ್ತು ವರ್ಷದ ತಲೆ ಎಷ್ಟು ಚುರುಕಾಗಿ ಓಡುತ್ತದೆ ನೋಡಿ. ಉಂಡಿಯ ಡಬ್ಬಿ ಕೆಳಗಿಟ್ಟು, ಪೆಟ್ಟಿಗೆಗಳ ಹಿಂದೆ ಸರಿದು, ಎಡಗಡೆಯ ತಂತಿ ತಿರುವಿದೆ. ಬಂದು ಗಿರಿಜಮ್ಮನ ಪಕ್ಕದಲ್ಲೇ ಕೂತೆ.

ಅಪ್ಪ ಗುಂಡಿ ಒತ್ತಿದ. ಅದೇ ಪೊಳ್ಳು ದನಿ. ಅಪ್ಪ ಬೆಚ್ಚಿ ನನ್ನ ಕಡೆ ತಿರುಗಿದ. ಆ ಕಣ್ಣಲ್ಲಿ ಕೊಪ್ಪಳದ ನಿಲ್ದಾಣದ ಹೊಗಳಿಕೆ ಇರಲಿಲ್ಲ.

"ನಿನ್ನಿ ಛಲೋ ಇತ್ತಲ್ರಿ" ಎಂದಳು ಅವ್ವ. ಅವಳಿಗೆ ತಂತಿಯ ಸುದ್ದಿ ಗೊತ್ತಿರಲಿಲ್ಲ.

ಅಪ್ಪ ತಡವರಿಸಿ, ಕರೆಂಟು ಕಡಿಮೆ ಇದೆ ಎಂದ. ಗಿರಿಜಮ್ಮನ ಮುಖ ಅರಳಿತು. "ಹಂಗಾರ ಪೂರಾ ಬರೋತನ ಕುಂದರ್ತೀನ್ರಿ. ನನಗೇನ ಅವಸರಿಲ್ಲ" ಎಂದಳು. ಸೆರಗು ಸರಿಪಡಿಸಿಕೊಂಡು ಗೋಡೆಗೆ ಒರಗಿ ಕೂತೂಬಿಟ್ಟಳು. ಅಪ್ಪನಿಗೆ ಅದನ್ನು ತಾಳಲು ಆಗಲಿಲ್ಲ. ಈ ದಿನಗಳಲ್ಲಿ ಕರೆಂಟಿನ ಭರವಸೆ ಇಲ್ಲ, ಗಂಗಾವತಿಯಿಂದ ಮುಂದಿನ ಬಸ್ಸು ತಪ್ಪಿದರೆ ಕಷ್ಟ ಎಂದು ಹೇಳಿ ಎಬ್ಬಿಸಿದ. ಹೋಗುವ ಮೊದಲು ಇನ್ನೊಮ್ಮೆ ಹಚ್ಚಿ ಎಂದಳು. ರೊಟ್ಟಿಯ ಮಾತು ಬರುವ ತನಕ ಕಣ್ಣು ಮುಚ್ಚಿ ಕೇಳಿದಳು.

"ಇಲ್ರಿ. ಅವರು ಇದರಾಗ ಇಲ್ಲ" ಎಂದಳು. ಕ್ಯಾಸೆಟ್ಟನ್ನು ಅಪ್ಪ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಖಾಲಿ ಕ್ಯಾಸೆಟ್ಟು ತುಟ್ಟಿಯಂತೆ, ನಿಮ್ಮ ಹಾಡು ತುಂಬಿಸಿಕೊಳ್ಳಿ ಎಂದಳು. ಹೋಗುವಾಗ ನನ್ನ ಕೆನ್ನೆ ಮುಟ್ಟಿ ತನ್ನ ಹಣೆಗೆ ನೆಟಿಕೆ ಮುರಿದಳು.

ಆಕೆ ಓಣಿಯ ತಿರುವು ದಾಟಿದ ಮೇಲೆ ಅಪ್ಪ ಹಿಂದೆ ಬಗ್ಗಿ ತಂತಿ ನೋಡಿದ. "ನಾ ಹೇಳಿದ್ದಿಲ್ಲಲ್ಲ ನಿನಗ" ಎಂದ. "ಒಂದ್ಸಲ ಕೇಳ್ಕೊಂಡು ಹೋಗ್ಲಿ ಅಂದಿದ್ದೆ ನಾ." ಹೇಳಿದವನು ಹಾಗೇ ಕೂತ. ಬಸ್ ನಿಲ್ದಾಣ ಸೈಕಲ್ಲಿಗೆ ಹತ್ತು ನಿಮಿಷ. ಸೈಕಲ್ಲು ಕಟ್ಟೆಗೆ ಒರಗಿತ್ತು. ಅಪ್ಪ ಹೋಗಲಿಲ್ಲ, ಹೋಗು ಎಂದು ನಾನೂ ಹೇಳಲಿಲ್ಲ. ಅದೇ ವಾರ ಅವನು ರೇಡಿಯೋದಿಂದ ಆ ಕ್ಯಾಸೆಟ್ಟಿನ ಎರಡೂ ಬದಿಗೆ ಹಾಡು ತುಂಬಿಸಿದ. ಆ ದನಿ ಮನೆಯಲ್ಲಿ ಇರಬಾರದು ಎಂಬ ಅವಸರ ಅದು. ನನಗೂ ಹಾಯೆನಿಸಿತು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ, ಅಪ್ಪ ತೀರಿಹೋಗುವ ತನಕ.

ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಯಲಬುರ್ಗಾಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಕೇಳಿದೆ, ಗಿರಿಜಮ್ಮ ಇದ್ದಾಳೆ ಎಂದರು. ಹೋಗಿ ಹೇಳಿಬಿಡಬೇಕು ಅನ್ನಿಸಿತು. ಒಳ್ಳೆಯತನ ಅಂದುಕೊಂಡೆ. ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಎಲ್ಲಾದರೂ ಇಳಿಸಬೇಕಿತ್ತು, ಇಳಿಸಲು ಸಿಕ್ಕಿದ್ದು ಆ ಮುದುಕಿಯ ತಲೆ.

ಒಂದೇ ಕೋಣೆ. ನನ್ನ ಗುರುತು ಹತ್ತಲಿಲ್ಲ; ಹೇಳಿದ ಮೇಲೆ, ಜಡೆ ಹಾಕಿದ್ದೆನಲ್ಲ, ಎಂದಳು. ನಾನು ಎಲ್ಲ ಹೇಳಿದೆ, ಎರಡು ಸಲದ್ದೂ ಹೇಳಿದೆ. ಎರಡನೆಯ ಸಲ ಅಪ್ಪ ಹೇಳಿರಲಿಲ್ಲ, ನಾನೇ ಮಾಡಿದೆ ಎಂದೆ. ಕ್ಯಾಸೆಟ್ಟು ಏನಾಯಿತೆಂದು ಕೇಳಿದಳು. ಅದನ್ನೂ ಹೇಳಿದೆ. ನನಗೆ ಅಳು ಬಂತು. ಆಕೆಗೆ ಬರಲಿಲ್ಲ.

ಆಮೇಲೆ ಹೇಳಿದಳು. ಮಾಸ್ತರರು ಹೋದ ದಿನ ಮುಂಜಾನೆ ಇಬ್ಬರೂ ಜಗಳಾಡಿದ್ದರಂತೆ. ಯಾವ ಕಾರಣಕ್ಕೆ ಎಂಬುದೂ ಈಗ ನೆನಪಿಲ್ಲವಂತೆ. ಮಾತು ಬಿಟ್ಟು ಸಾಲೆಗೆ ಹೋದವರು ಅಲ್ಲೇ ಕುಸಿದಿದ್ದರು.

"ಸಿಟ್ಟಿಲೆ ದನೀನೂ ತಗೊಂಡು ಹೋಗ್ಯಾರ ಅಂತ ತಿಳ್ಕೊಂಡಿದ್ದೆ" ಎಂದಳು. "ಇಪ್ಪತ್ತೈದು ವರ್ಷ ದಿನಾ ದೀಪ ಹಚ್ಚಿ ಬೇಡ್ಕೊಂಡೀನಿ. ತಪ್ಪಾತು, ಒಂದ ಮಾತು ಆಡ್ರಿ ಅಂತ. ಮಾತು ನಿಮ್ಮ ಮನ್ಯಾಗಿತ್ತು."

ನಾನು ಕಾಲು ಮುಟ್ಟಲು ಬಗ್ಗಿದೆ. ಕಾಲು ಒಳಗೆ ಎಳೆದುಕೊಂಡಳು.

"ನಿನಗ ಹಗೂರಾತಿಲ್ಲೋ, ಹೋಗು" ಎಂದಳು.

ಬಾಲ್ಯವನ್ನು ಬರೆಯುವವರು ಕೊನೆಗೆ ಕಳೆದುಹೋದದ್ದನ್ನು ಎಣಿಸುತ್ತಾರೆ. ಗಡಿಗೆಯ ಹಾಡು ಹೋಯಿತು, ಓಣಿಯ ಮಂದಿ ಒಂದೆಡೆ ಕೂಡುವುದು ಹೋಯಿತು, ಕ್ಯಾಸೆಟ್ಟು ಹೋದವು ಎಂದು ನಾನೂ ಬರೆಯಬಹುದಿತ್ತು. ಅವೆಲ್ಲ ತಾವಾಗಿ ಹೋದವು, ಹೋಗುವಂಥವೇ ಆಗಿದ್ದವು. ಲೋಕದಲ್ಲಿ ಒಬ್ಬ ಮನುಷ್ಯನ ದನಿ ಅರ್ಧ ತಾಸಿನಷ್ಟು ಉಳಿದಿತ್ತು, ಅದನ್ನು ಕೇಳಬೇಕಾದವಳು ಮೂರು ಬಸ್ಸು ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು. ಅದನ್ನು ಕಳೆದದ್ದು ಕಾಲವಲ್ಲ. ಹತ್ತು ವರ್ಷದ ಕೂಸು, ಅದಕ್ಕೇನು ತಿಳಿಯುತ್ತದೆ ಎಂದು ಓದಿದವರು ನನ್ನನ್ನು ಬಿಟ್ಟುಬಿಡಬಹುದು. ಗಿರಿಜಮ್ಮ ಬಿಡಲಿಲ್ಲ.